ಮೇವು ನಿಲ್ಲಿಸಿದ ಶೆಡ್ಡು

ಸಾವಿರಾರು ಕೋಳಿಗಳಿದ್ದ ಶೆಡ್ಡಿನಲ್ಲಿ ಒಂದೂ ಕೂಗುತ್ತಿರಲಿಲ್ಲ. ಮೇವು ನಿಲ್ಲಿಸಿ ವಾರವಾಗಿತ್ತು. ಬಲ್ಬುಗಳನ್ನು ಆರಿಸಿ, ಕಿಟಕಿಗಳಿಗೆ ಗೋಣಿ ಇಳಿಬಿಟ್ಟು, ಬರೀ ನೀರು ಕೊಟ್ಟು ಇಟ್ಟಿದ್ದರು. ಪಂಜರಗಳ ಕೆಳಗೆ ಉದುರಿ ಗುಡ್ಡೆಬಿದ್ದ ಪುಕ್ಕವನ್ನು ಸೊಸೆ ಗುಡಿಸುತ್ತಿದ್ದಳು. ಅವಳ ಅತ್ತೆ ಕೋಳಿಯೊಂದನ್ನು ಕಂಕುಳಲ್ಲಿ ಅವುಚಿಕೊಂಡು, ಬಾಲದ ಕೆಳಗಿನ ಎರಡು ಮೂಳೆಗಳ ನಡುವೆ ಬೆರಳಿಟ್ಟು ನೋಡುತ್ತಿದ್ದಳು. ಎರಡು ಬೆರಳು ಹಿಡಿಸಿದರೆ ಮೊಟ್ಟೆಯಿಡುವ ಕೋಳಿ. ಒಂದೂ ಹಿಡಿಸದಿದ್ದರೆ ನಿಂತುಹೋದದ್ದು. ಆ ಬೆರಳಿಗೆ ಮೋಸ ಮಾಡುವ ಕೋಳಿ ಇನ್ನೂ ಹುಟ್ಟಿಲ್ಲ ಎಂದು ಫಾರಮ್ಮಿನಲ್ಲೆಲ್ಲ ಮಾತಿತ್ತು.

"ಅಲ್ಲಾ ದೊಡ್ಡಮ್ಮ, ಇಡೋ ಕೋಳೀನ ಉಪವಾಸ ಕೆಡವಿದ್ದೀರಲ್ಲ, ತಲೆ ಕೆಟ್ಟಿದೆಯಾ ನಿಮಗೆಲ್ಲ?" ಎಂದಳು ಹೊಸದಾಗಿ ಕೆಲಸಕ್ಕೆ ಸೇರಿದ ಹೆಂಗಸು.

"ಕೆಡೋಕೂ ತಲೆ ಇರಬೇಕು ಕಣೇ, ನಿನಗೆ ಆ ಭಯ ಇಲ್ಲ." ಅತ್ತೆ ನಕ್ಕಳು. "ಇಟ್ಟೂ ಇಟ್ಟೂ ಸೋತಿವೆ ಇವು. ಒಂದ್ಸಲ ಇಡೋದು ಪೂರ್ತಿ ನಿಲ್ಲಬೇಕು. ಅದಕ್ಕೆ ಹೊಟ್ಟೆಗೆ ಹಾಕಬಾರದು, ಕತ್ತಲಲ್ಲಿಡಬೇಕು. ಹಸಿವು, ಹೆದರಿಕೆ ಎರಡೂ ಸೇರಿದ್ರೆ ಮೈ ಮೊದಲು ತನ್ನ ಜೀವ ನೋಡ್ಕೊಳ್ಳುತ್ತೆ. ಮೊಟ್ಟೆ ಮರಿ ಎಲ್ಲ ಆಮೇಲೆ. ಮತ್ತೆ ಮೇವು ಹಾಕಿದ್ರೆ ಹೊಸ ಪುಕ್ಕ ಬಂದು ಇಡ್ತವೆ."

"ಆಗಲೂ ಇಡದಿದ್ರೆ?"

"ಕಟುಕರ ಲಾರಿ ಹತ್ತುತ್ತೆ."

ಸೊಸೆಯ ಪೊರಕೆ ನಿಂತಿತು.

ಮದುವೆಯಾಗಿ ಮೂರು ವರ್ಷವಾದರೂ ಮಕ್ಕಳಾಗಿರಲಿಲ್ಲ. ಆ ಸಿಟ್ಟನ್ನೆಲ್ಲ ಅತ್ತೆ ತಟ್ಟೆಯ ಮೇಲೆ ತೀರಿಸಿಕೊಳ್ಳುತ್ತಿದ್ದಳು. ಎಲ್ಲರದೂ ಆದಮೇಲೆ ಪಾತ್ರೆಯ ತಳದಲ್ಲಿ ಉಳಿದದ್ದು ಸೊಸೆಯ ಪಾಲು. ನಂಚಿಕೊಳ್ಳಲು "ತಿನ್ನೋಕೆ ಮಾತ್ರ ಬಾಯಿದೆ" ಎನ್ನುವ ಮಾತು. ಎಷ್ಟೋ ಸಲ ಅವಳು ನೀರು ಕುಡಿದೇ ಏಳುತ್ತಿದ್ದಳು. ಚಳಿಗಾಲದಲ್ಲಿ ಮುಟ್ಟೂ ನಿಂತಿತು. ಸೊಸೆ ಬಸುರೆಂದೇ ತಿಳಿದು ಅತ್ತೆ ಬೀದಿಗೆಲ್ಲ ಹೇಳಿಕೊಂಡು ಬಂದಳು. ಅಲ್ಲವೆಂದು ಗೊತ್ತಾದ ದಿನ, "ಬೇಸಿಗೆ ಮುಗಿಯೋದ್ರೊಳಗೆ ಆಗದಿದ್ರೆ ತೌರಿಗೆ ನಡಿ, ಮಗನಿಗೆ ಬೇರೆ ನೋಡ್ತೀನಿ" ಅಂದಳು. ತೌರಿನಲ್ಲಿ ಬಾಗಿಲು ತೆಗೆಯುವವರು ಯಾರೂ ಉಳಿದಿರಲಿಲ್ಲ.

ಮೊಟ್ಟೆ ವ್ಯಾನು ಓಡಿಸುವ ಗಂಡ ಅವಳನ್ನು ಆಸ್ಪತ್ರೆಗೇನೋ ಕರೆದೊಯ್ದಿದ್ದ. ಆದರೆ ಡಾಕ್ಟರಮ್ಮ ಹೇಳಿದ್ದನ್ನು ಅಮ್ಮನ ಮುಂದೆ ಹೇಳಲು ಅವನಿಗೆ ನಾಲಿಗೆ ಹೊರಳಲಿಲ್ಲ. "ಗರ್ಭಕೋಶಕ್ಕೇನೂ ಆಗಿಲ್ವಂತೆ" ಎಂದಷ್ಟೇ ಹೇಳಿ ಜಾರಿಕೊಂಡಿದ್ದ.

"ಅತ್ತೆ," ಸೊಸೆ ಪುಕ್ಕದ ರಾಶಿಯನ್ನೇ ನೋಡುತ್ತ ಅಂದಳು, "ಡಾಕ್ಟರಮ್ಮನೂ ಇದನ್ನೇ ಹೇಳಿದ್ದು."

"ಏನನ್ನ?"

"ನೀವೀಗ ಕೋಳಿ ಬಗ್ಗೆ ಹೇಳಿದ್ರಲ್ಲ, ಅದನ್ನೇ. ಹೊಟ್ಟೆಗಿಲ್ಲ, ಹೆದರಿಕೆ ಬೇರೆ. ಅದಕ್ಕೇ ಮೈ ನಿಲ್ಲಿಸಿಬಿಟ್ಟಿದೆ ಅಂತ."

ಹೊಸಬಳು ಏನೋ ನೆನಪಾದವಳಂತೆ ಬುಟ್ಟಿ ಎತ್ತಿಕೊಂಡು ಆಚೆ ಹೋದಳು. ಅತ್ತೆ ಕೋಳಿಯನ್ನು ಪಂಜರದೊಳಗೆ ಬಿಟ್ಟು ಕೈ ಒರೆಸಿಕೊಂಡಳು.

ಸಂಜೆ ಎಲ್ಲರಿಗಿಂತ ಮೊದಲು ಸೊಸೆಗೆ ತಟ್ಟೆ ಇಟ್ಟಳು. ತುಂಬ ಬಡಿಸಿದಳು. ಊಟಕ್ಕೆ ಬಂದ ಮಗ ಅಡುಗೆಮನೆಯ ಬಾಗಿಲಲ್ಲೇ ನಿಂತ. "ನಿನಗೆ ಆಮೇಲೆ, ಹೋಗೋ" ಅಂದಳು.

"ತಿನ್ನು." ಸೊಸೆಯ ಕಡೆ ತಿರುಗಿದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಶೆಡ್ಡಿನಲ್ಲಿ ಮೇವು ಸುರಿಯುವಾಗಲೂ ಅವಳ ದನಿ ಹೀಗೇ ಇರುತ್ತಿತ್ತು. "ಎಷ್ಟು ದಿನ ತಿಂದ್ರೆ ಸರಿಹೋಗುತ್ತಂತೆ?"

"ಹೇಳೋಕಾಗಲ್ವಂತೆ ಅತ್ತೆ. ನೆಮ್ಮದಿನೂ ಬೇಕಂತೆ."

"ಕೋಳಿಗೆ ಅಬ್ಬಬ್ಬಾ ಅಂದ್ರೆ ತಿಂಗಳು. ತಿನ್ನು."

ಅತ್ತೆ ಎದುರಿಗೇ ಕೂತಳು. ಪ್ರತಿ ತುತ್ತೂ ಬಾಯಿಗೆ ಹೋಗುವುದನ್ನು, ಗಂಟಲಿಳಿಯುವುದನ್ನು ಕಣ್ಣು ಕೀಳದೆ ನೋಡಿದಳು. ಸ್ವಲ್ಪ ಹೊತ್ತಿಗೇ ಸೊಸೆ ನೀರಿನ ಲೋಟಕ್ಕೆ ಕೈಚಾಚಿದಳು. ಅತ್ತೆ ಆ ಕೈಯನ್ನು ಹಿಡಿದುಕೊಂಡು, ಮಣಿಕಟ್ಟಿನಲ್ಲಿ ಎದ್ದುನಿಂತ ಮೂಳೆಯ ಪಕ್ಕ ಎರಡು ಬೆರಳಿಟ್ಟು ಒತ್ತಿ ನೋಡಿದಳು.

ತಟ್ಟೆಯಲ್ಲಿ ಇನ್ನೂ ಅರ್ಧ ಹಾಗೇ ಇತ್ತು. ಅತ್ತೆ ಕೈಬಿಟ್ಟು, ಅದರ ಮೇಲೆ ಇನ್ನೊಂದು ಸೌಟು ಬಡಿಸಿದಳು.