ಸ್ಟೊಯಂಕಾ ಟೀಚರ ಮಣ್ಣು

ಶವಪೆಟ್ಟಿಗೆ ಅರ್ಧಕ್ಕೆ ಇಳಿದು ಸಿಕ್ಕಿಕೊಂಡಿತು. ತಲೆಯ ಕಡೆ ಗುಂಡಿ ನಾಲ್ಕು ಬೆರಳು ಕಿರಿದಾಗಿತ್ತು. ಹಗ್ಗ ಹಿಡಿದವರು ಅದನ್ನು ಮತ್ತೆ ಮೇಲಕ್ಕೆಳೆದು ಹಿಮ ಹಿಡಿದ ಹುಲ್ಲಿನ ಮೇಲಿಟ್ಟರು.

"ಏಯ್ ಕರಿಯ, ಅಳತೆ ತಗೊಳ್ಳೋಕೂ ಬರಲ್ವಾ ನಿಂಗೆ?" ಎಂದ ಕಾಮೆನ್. ತೀರಿಕೊಂಡ ಸ್ಟೊಯಂಕಾ ಟೀಚರ ಒಬ್ಬನೇ ಮಗ.

ಗುಂಡಿ ತೋಡಿದ್ದ ಯಾಶಾರ್ ಸಲಿಕೆ ಹಿಡಿದು ಒಳಗಿಳಿದ. ಪಾದ್ರಿ ಧೂಪದ ಬಟ್ಟಲು ಕೆಳಗಿಟ್ಟು ಕೈ ಉಜ್ಜಿಕೊಂಡರು. ಬಂದಿದ್ದವರು ಹತ್ತೊಂಬತ್ತು ಜನ. ಮುಕ್ಕಾಲು ಪಾಲು ಸ್ಟೊಯಂಕಾ ಟೀಚರ ಶಿಶುವಿಹಾರದಲ್ಲಿ ಮಾತು ಕಲಿತವರು. ಯಾರೂ ತುಟಿ ಬಿಚ್ಚಲಿಲ್ಲ.

"ಟೀಚರ ಹೊಟ್ಟೇಲಿ ಹುಟ್ಟಿದವನಾ ಇವನು?" ಎಂದಳು ಪಕ್ಕದ ಮನೆಯ ನೆವೆನಾ, ತಂಗಿಯ ಕಿವಿಯ ಹತ್ತಿರ.

"ಮೆಲ್ಲಗೆ ಕಣೇ, ಕೇಳಿಸ್ಕೋತಾನೆ."

"ಕೇಳಿಸ್ಕೊಳ್ಳಲಿ. ಹಿಂದಿನ ಬೀದೀಲೇ ಇದ್ಕೊಂಡು ಮಗಳನ್ನ ಒಂದು ದಿನ ಅಜ್ಜಿ ಹತ್ರ ಬಿಟ್ಟಿದ್ನಾ? ನಂಗೆ ಮಾಡಿದ್ದು ಸಾಕು, ಇವಳ ತಂಟೆಗೆ ಬರಬೇಡ ಅಂದಿದ್ನಂತೆ."

*

ಆ 'ಮಾಡಿದ್ದು' ನಡೆದು ಮೂವತ್ತೆರಡು ವರ್ಷವಾಗಿತ್ತು. ಊರಾಚೆಯ ರೋಮಾ ಜಿಪ್ಸಿಗಳ ಕೇರಿಯಿಂದ ಆ ಶಿಶುವಿಹಾರಕ್ಕೆ ಬಂದ ಮೊದಲ ಮಗು ಯಾಶಾರ್. ಅವನಿಗೆ ಐದು ವರ್ಷ. ತಾಯಿಯ ತರಗತಿಯಲ್ಲೇ ಇದ್ದ ಕಾಮೆನ್‌ಗೂ ಐದೇ. ಬೆಳಗಿನ ತಿಂಡಿಗೆ ಕೂತಾಗ ಪಕ್ಕದವರ ಹೆಸರು ಹೇಳಿ, ಬೇಕೇ ಎಂದು ಕೇಳಿ ಬ್ರೆಡ್ಡಿನ ತಟ್ಟೆ ದಾಟಿಸಬೇಕೆಂದು ಟೀಚರು ಮಕ್ಕಳಿಗೆ ಕಲಿಸಿದ್ದರು. ಕಾಮೆನ್ ತಟ್ಟೆಯನ್ನು ಪಕ್ಕದಲ್ಲಿದ್ದ ಯಾಶಾರ್ ಕಡೆಗೆ ನೂಕಿ, "ತಿನ್ನೋ, ಗಬ್ಬುನಾತ" ಎಂದ. ಮಕ್ಕಳೆಲ್ಲ ನಕ್ಕರು. ಬಲ್ಗೇರಿಯನ್ ಮಾತು ಆಗಿನ್ನೂ ಸರಿಯಾಗಿ ತಿಳಿಯದ ಯಾಶಾರ್ ಕೂಡ ನಕ್ಕ.

"ಅವನ ಹೆಸರು ಹೇಳಿ ಕೊಡು, ಕಾಮೆನ್."

ಹುಡುಗ ಹೇಳಲಿಲ್ಲ.

ಬೇರೆ ಮಗುವಾಗಿದ್ದರೆ ಟೀಚರು ಪಕ್ಕಕ್ಕೆ ಕರೆದು, ತೊಡೆಯ ಮೇಲೆ ಕೂರಿಸಿಕೊಂಡು ತಿಳಿಹೇಳುತ್ತಿದ್ದರು. ಇವನು ತನ್ನ ಮಗನಾದ್ದರಿಂದ ಗೋಡೆಯ ಪಕ್ಕ ನಿಲ್ಲಿಸಿದರು. ಉಳಿದವರ ಊಟವಾಯಿತು, ನಿದ್ದೆಯಾಯಿತು. ಅವನು ನಿಂತೇ ಇದ್ದ. ಮೂರು ಗಂಟೆಯ ಸುಮಾರಿಗೆ ನಿಂತಲ್ಲೇ ಚಡ್ಡಿ ಒದ್ದೆ ಮಾಡಿಕೊಂಡ. ಮಕ್ಕಳು ಮತ್ತೆ ನಕ್ಕರು. ಆಗ, ನೆಲ ನೋಡುತ್ತ, "ಯಾಶಾರ್" ಎಂದ.

ಮನೆಗೆ ಹೋಗುವ ದಾರಿಯಲ್ಲಿ ತಾಯಿ ಮಗನ ಕ್ಷಮೆ ಕೇಳಿದರು. ಅವನು ಕೈ ಬಿಡಿಸಿಕೊಂಡು ಮುಂದೆ ನಡೆದ. ಅಂದಿನಿಂದ, ಆಸ್ಪತ್ರೆಯಲ್ಲಿ ಕೊನೆಯ ಸಲ ನೋಡಿದ ದಿನದವರೆಗೂ, ಅವನು ಅವರನ್ನು ಕರೆದದ್ದು ಟೀಚರ್ ಎಂದೇ.

*

ಎರಡನೆಯ ಸಲ ಪೆಟ್ಟಿಗೆ ಸಲೀಸಾಗಿ ಇಳಿಯಿತು. ಪಾದ್ರಿ ಅದರ ಮೇಲೆ ದ್ರಾಕ್ಷಾರಸ ಸುರಿದರು. ಒಬ್ಬೊಬ್ಬರೂ ಹಿಡಿ ಮಣ್ಣು ಹಾಕಿದರು. ಕಾಮೆನ್ ಹಾಕಿದ ಹೆಂಟೆ ಮುಚ್ಚಳಕ್ಕೆ ಬಡಿದು ದೊಡ್ಡ ಸದ್ದಾಯಿತು. ಅವನು ಬೆಚ್ಚಿ ಒಂದು ಹೆಜ್ಜೆ ಹಿಂದೆ ಸರಿದ, ಆಮೇಲೆ ಬಹಳ ಹೊತ್ತು ಕೈ ಒರೆಸಿಕೊಳ್ಳುತ್ತಲೇ ಇದ್ದ.

ಗೇಟಿನ ಬಳಿ ನೆವೆನಾ, ಸಾವಿನ ವಾಡಿಕೆಯಂತೆ, ಬೇಯಿಸಿದ ಗೋಧಿಗೆ ಸಕ್ಕರೆ ಬೆರೆಸಿ ಲೋಟಗಳಲ್ಲಿ ಹಂಚುತ್ತಿದ್ದಳು. ಒಂದು ಲೋಟವನ್ನು ಕಾಮೆನ್‌ನ ಐದು ವರ್ಷದ ಮಗಳು ಬಿಲ್ಯಾನಾಳ ಕೈಗಿತ್ತು, ಗುಂಡಿ ಮುಚ್ಚುತ್ತಿದ್ದವನಿಗೆ ಕೊಟ್ಟು ಬಾ ಎಂದಳು.

ಮಗು ಹೋಗಿ ಲೋಟ ಚಾಚಿತು. "ತಗೊಳ್ಳೋ."

ಯಾಶಾರ್ ಸಲಿಕೆ ನೆಲಕ್ಕಿಟ್ಟ. ಅಂಗೈಗಳನ್ನು ಪ್ಯಾಂಟಿಗೆ ಒರೆಸಿ, ಬಗ್ಗಿ, ಎರಡೂ ಕೈಯಲ್ಲಿ ಈಸಿಕೊಂಡ. ಗೋಧಿ ಪಡೆದವರು ಹೇಳಬೇಕಾದ ಮಾತನ್ನು ಹೇಳಿದ: "ದೇವರು ಟೀಚರನ್ನ ಕ್ಷಮಿಸಲಿ." ಆಮೇಲೆ ಕೇಳಿದ, "ನೀವು ತಿಂದ್ರಾ?"

ಅವನು 'ನೀವು' ಎಂದದ್ದು ಯಾರಿಗೆಂದು ಬಿಲ್ಯಾನಾ ಹಿಂದೆ ತಿರುಗಿ ನೋಡಿದಳು.