ಒತ್ತಿ ಹಿಡಿದ ಗುಂಡಿ

ವಿಕ್ರಮ ಮತ್ತೊಮ್ಮೆ ಗುಂಡಿ ಒತ್ತಿದ; ಕುಲುಮೆಯ ಬಾಗಿಲು ಅಲುಗಲಿಲ್ಲ. ವಿದ್ಯುತ್ ಚಿತಾಗಾರದ ಬಂಡಿಯ ಮೇಲೆ ವಾಮನರಾಯರು ಮಲಗಿಯೇ ಇದ್ದರು. ಮೋಟಾರು ಕೆಟ್ಟಿದೆ, ಸಂಜೆಯ ತನಕ ಕಾಯಬೇಕು ಎಂದು ಅಲ್ಲಿನ ನೌಕರ ಮರಾಠಿಯಲ್ಲಿ ಹೇಳಿ ಕೈಚೆಲ್ಲಿದ.

ರಾಯರ ಮಗಳು ಕೇತಕಿಗೆ ಬೆಳಗಿನಿಂದಲೇ ಸಿಟ್ಟು ನೆತ್ತಿಗೇರಿತ್ತು. ಬೆಂಕಿಗೆ ಒಪ್ಪಿಸುವುದು ಗಂಡುಮಕ್ಕಳ ಕೆಲಸ ಎಂದು ಚಿಕ್ಕಪ್ಪ ಶ್ರೀಪಾದಕಾಕಾ ತಮ್ಮ ಮಗ ವಿಕ್ರಮನನ್ನು ಮುಂದೆ ತಳ್ಳಿದ್ದರು. ಕೊಂಢವಾ ಬಡಾವಣೆಯ ವರ್ಕ್‌ಶಾಪಿನಲ್ಲಿ ಅಪ್ಪನ ಪಕ್ಕ ಕೂತು ಪಂಪುಗಳ ಕಂಟ್ರೋಲ್ ಬೋರ್ಡು ಬೆಸೆದವಳು ತಾನು. ವಿಕ್ರಮ ಅಲ್ಲಿಗೆ ಬರುತ್ತಿದ್ದದ್ದು ಮೊಬೈಲ್ ಚಾರ್ಜ್ ಮಾಡಿಕೊಳ್ಳಲು.

ಮೋಟಾರಿನ ಸದ್ದೇ ಇಲ್ಲ, ತಪ್ಪು ಬೋರ್ಡಿನಲ್ಲಿದೆ ಎಂದು ಅವಳು ಗೋಡೆಯ ಪೆಟ್ಟಿಗೆ ತೆಗೆಸಿದಳು.

*

ಇಂದಾಪುರದ ಕಬ್ಬಿನ ಗದ್ದೆಯೊಂದರಲ್ಲಿ ಅಪ್ಪ ಬೋರ್ಡು ಕೂಡಿಸಿದಾಗ ಕೇತಕಿ ಇನ್ನೂ ಶಾಲೆಯ ಹುಡುಗಿ; ಜೊತೆಗೆ ಹೋಗಿದ್ದಳು. ಐದು ವೋಲ್ಟಿನ ಈ ಟ್ರಾನ್ಸಿಸ್ಟರ್ ಚೂರು ಅಷ್ಟು ದೊಡ್ಡ ಪಂಪನ್ನು ಹೇಗೆ ಓಡಿಸುತ್ತದೆ ಎಂದು ಕೇಳಿದ್ದಳು.

“ಟ್ರಾನ್ಸಿಸ್ಟರ್ ಓಡಸೂದಿಲ್ಲವಾ. ರಿಲೇಗೆ ಹೇಳತದ ಅಷ್ಟ. ಭಾರಾ ಹೊರೂದು ರಿಲೇ.”

ಬಳಿಕ ಪಂಪಿಗೆ ಕರೆಂಟು ಹಾಯಿಸುವ ಸ್ವಿಚ್ಚಾದ ಆ ರಿಲೇಯ ಸುರುಳಿಗೆ ಅಡ್ಡಲಾಗಿ, ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಒಂದು ಡಯೋಡು ಬೆಸೆದಿದ್ದರು. ಅದಿಲ್ಲದಿದ್ದರೆ ರಿಲೇ ಬಿಡುವಾಗ ಹಿಂದೊದೆಯುವ ವೋಲ್ಟೇಜು ಟ್ರಾನ್ಸಿಸ್ಟರನ್ನು ಸುಡುತ್ತದೆ. ಡಯೋಡು ಮರೆತ ಬೋರ್ಡು ಕಂಡರೆ ಅಪ್ಪನಿಗೆ ಅಂದು ಊಟ ಸೇರುತ್ತಿರಲಿಲ್ಲ.

*

ಇಲ್ಲಿಯೂ ಅದೇ ಕತೆ. ಡಯೋಡು ಇರಲಿಲ್ಲ, ಟ್ರಾನ್ಸಿಸ್ಟರ್ ಕರಕಲಾಗಿತ್ತು. ಅಪ್ಪ ನೋಡಿದ್ದರೆ ಎದ್ದು ಕೂತು ಬೈಯುತ್ತಿದ್ದರು ಎನಿಸಿ ಕೇತಕಿಗೆ ಅಷ್ಟು ದುಃಖದಲ್ಲೂ ನಗು ಬಂತು. ಪೆಟ್ಟಿಗೆಯ ಕರೆಂಟು ತೆಗೆಸಿ, ಸ್ಕೂಟರಿನ ಡಿಕ್ಕಿಯಲ್ಲಿದ್ದ ಸಾಮಾನು ತಂದು ಹೊಸ ಟ್ರಾನ್ಸಿಸ್ಟರ್, ಡಯೋಡು ಎರಡನ್ನೂ ಬೆಸೆದಳು. ಕರೆಂಟು ಮತ್ತೆ ಹಾಕಿಸಿದಳು.

ಕಾಕಾ ಮತ್ತೆ ವಿಕ್ರಮನನ್ನು ಕರೆದರು.

“ನಾ ಒತ್ತತೀನಿ, ಕಾಕಾ,” ಎಂದಳು ಕೇತಕಿ.

ಪದ್ಧತಿ ಹಾಗಲ್ಲ ಎಂದು ಕಾಕಾ ರಾಗ ಎಳೆದರು. ಅಷ್ಟರಲ್ಲಿ ತಾಯಿ ಎದ್ದು ಬಂದು ಮಗಳ ಪಕ್ಕ ನಿಂತಳು.

“ಅವರ ಕೆಲಸಾ ಮುಂದ ನಡಸಾಕಿ ಇಕಿ. ಇಕಿನ ಒತ್ತಲಿ.”

ಕಾಕಾ ಅವಳಿಗೆ ದಾರಿ ಬಿಟ್ಟರು. ವಿಕ್ರಮ ಬದುಕಿದೆಯಾ ಬಡಜೀವವೇ ಎಂಬಂತೆ ಹಿಂದೆ ಸರಿದ.

ಬಂಡಿ ಪೂರ್ತಿ ಒಳಗೆ ಹೋಗುವ ತನಕ ಒತ್ತಿಯೇ ಹಿಡಿಯಬೇಕು, ಬೆರಳು ತೆಗೆದರೆ ಅಲ್ಲೇ ನಿಲ್ಲುತ್ತದೆ ಎಂದು ನೌಕರ ಹೇಳಿಕೊಟ್ಟ.

ಕೇತಕಿ ಒತ್ತಿದಳು. ರಿಲೇ ಟಕ್ಕೆಂದಿತು. ಬಾಗಿಲು ಮೇಲೇರಿ ಬಂಡಿ ಹೊರಟಿತು. ಅಪ್ಪನ ಮುಖದ ಮೇಲೆ ಕೆಂಪು ಬೆಳಕು ಬಿದ್ದಾಗ, ಒಂದೇ ಒಂದು ಸಲ ನಿಲ್ಲಿಸಿ ನೋಡಬೇಕೆಂದು ಅವಳ ಜೀವ ಹೊಡೆದುಕೊಂಡಿತು. ಕಣ್ಣೀರು ಗದ್ದದಿಂದ ಇಳಿಯುತ್ತಿತ್ತು. ಎಡಗೈಯಲ್ಲಿ ಅವ್ವನ ಸೆರಗು ಹಿಡಿದುಕೊಂಡು, ಬಲಗೈ ಬೆರಳನ್ನು ಇನ್ನೂ ಗಟ್ಟಿಯಾಗಿ ಒತ್ತಿದಳು.