ಇವತ್ತು ಬೆಂಕಿ ಹಚ್ಚಲ್ಲ

“ಬೆಂಕಿ ಆರಿಸೋರನ್ನ ನೋಡಿದೀನಿ ಅಕ್ಕಾ, ಹಚ್ಚೋರಿಗೂ ಕೆಲಸ ಕೊಡ್ತಾರೆ ಅಂತ ಇವತ್ತೇ ಕೇಳಿದ್ದು!” ಎಂದು ಇಸ್ತ್ರಿ ಅಂಗಡಿಯವನು ಹೊಟ್ಟೆ ಹಿಡಿದುಕೊಂಡು ನಕ್ಕ.

ಟೈಲರಮ್ಮನಿಗೆ ನಗು ಬರಲಿಲ್ಲ. ಹೊಲಿಗೆ ಯಂತ್ರದ ಚಕ್ರವನ್ನು ಅಂಗೈಯಿಂದ ತಡೆದು ನಿಲ್ಲಿಸಿ, ಬಾಗಿಲಲ್ಲಿ ನಿಂತ ಮಗಳನ್ನು ದುರುಗುಟ್ಟಿ ನೋಡಿದಳು.

“ಹದಿನೈದು ದಿನ ಕಂಪ್ಯೂಟರ್ ಕ್ಲಾಸು ಅಂತ ಹೋಗಿದ್ದು ಇದನ್ನ ಕಲಿಯೋಕಾ?”

“ಹೇಳಿದ್ರೆ ಬಿಡ್ತಿದ್ಯಾ? ಮೂರು ತಿಂಗಳ ಕೆಲಸ ಅಮ್ಮ. ಗುಡ್ಡ ಉಳಿಸೋಕೆ ಅಂತ, ಕಾಲ ನೋಡಿ, ಅಳತೆ ಮಾಡಿ ಹುಲ್ಲು ಸುಡೋದು. ನಾಳೆ ಬೆಳಿಗ್ಗೆ ಹಾಜರಾಗದಿದ್ರೆ ನನ್ನ ಜಾಗ ಬೇರೆಯವರಿಗೆ ಹೋಗುತ್ತೆ.”

ಟೈಲರಮ್ಮ ತೋಳು ಮಡಚಿ ಮೊಣಕೈ ಕೆಳಗಿನ ಸುಟ್ಟ ಕಲೆ ತೋರಿಸಿದಳು. ಮೂರು ಬೇಸಿಗೆ ಹಿಂದೆ ಯಾರೋ ಎಸೆದ ಸಿಗರೇಟಿನಿಂದ ಹತ್ತಿದ ಬೆಂಕಿ ಗುಡ್ಡ ಇಳಿದು ಅವಳ ಹಿತ್ತಿಲ ಗೋಡೆಯವರೆಗೂ ಬಂದಿತ್ತು. ಬಕೆಟ್ಟು ಬಕೆಟ್ಟು ನೀರು ಎರಚಿ ಮನೆ ಉಳಿಸಿಕೊಂಡವಳು ಅವಳು.

“ಇದನ್ನ ನೋಡಿಯೂ ಹೋಗ್ತೀಯಾ?”

“ಇದನ್ನ ನೋಡೇ ಹೋಗ್ತಿರೋದು. ನಾಳೆ ಕೆಲಸ ನಮ್ಮ ಹಿತ್ತಿಲ ಹಿಂದೇನೇ ಇದೆ. ಬಂದು ನೋಡು. ಆಮೇಲೂ ಬೇಡ ಅಂದ್ರೆ ಹೆಲ್ಮೆಟ್ಟು ಅಲ್ಲೇ ಕೊಟ್ಟು ನಿನ್ನ ಹಿಂದೆ ಬರ್ತೀನಿ.”

ಮರುದಿನ ಬೆಳಿಗ್ಗೆ, ಬೇಡ ಎನ್ನುವುದಕ್ಕೇ ಟೈಲರಮ್ಮ ಹೊರಟಳು. ತಮಾಷೆ ತಪ್ಪಿಸಿಕೊಳ್ಳಬಾರದೆಂದು ಇಸ್ತ್ರಿಯವನೂ ಬೆನ್ನು ಹತ್ತಿದ.

ಗುಡ್ಡದಲ್ಲಿ ಹಳದಿ ಅಂಗಿಯ ಒಂಬತ್ತು ಜನ ಇದ್ದರು. ಸುಡಬೇಕಾದ ಹುಲ್ಲಿನ ಸುತ್ತ ಬರಿ ಮಣ್ಣು ಕಾಣುವಂತೆ ನೆಲ ಕೆರೆದು ಅಗಲವಾದ ಗೆರೆ ಮಾಡಿದ್ದರು. ನಾಲ್ವರ ಬೆನ್ನ ಮೇಲೆ ನೀರಿನ ಕ್ಯಾನು. ಎಲ್ಲರೂ ದೊಡ್ಡಕ್ಕ ಎಂದು ಕರೆಯುತ್ತಿದ್ದ ತಂಡದ ಮುಖ್ಯಸ್ಥೆ ಎದುರು ಬಂದಳು.

“ಬನ್ನಿ. ಅಮ್ಮ ಜಗಳಕ್ಕೆ ಬರ್ತಾರೆ ಅಂತ ನಿಮ್ಮ ಮಗಳು ಮೊದಲೇ ಹೇಳಿದಾಳೆ.”

“ಜಗಳ ಆಮೇಲೆ. ಮೊದಲು ಈ ಅಂಗಿ ಯಾವ ಬಟ್ಟೆ ಹೇಳಿ.”

ಉತ್ತರಕ್ಕೆ ಕಾಯದೆ ಮಗಳ ಅಂಗಿಯ ಅಂಚಿನಿಂದ ಒಂದು ಎಳೆ ಕಿತ್ತು, ಕೆರೆದ ಮಣ್ಣಿನ ಮೇಲೆ ಕುಕ್ಕರುಗಾಲಲ್ಲಿ ಕೂತು, ಕಡ್ಡಿ ಗೀರಿ ಸುಟ್ಟಳು. ಎಳೆ ಕಾಗದದಂತೆ ಉರಿದು ಹುಡಿಬೂದಿಯಾಯಿತು. “ಹತ್ತಿನೇ. ನೈಲಾನ್ ಆಗಿದ್ರೆ ಕರಗಿ ಚರ್ಮಕ್ಕೆ ಅಂಟ್ಕೊಳ್ತಿತ್ತು.”

“ನಾವೂ ಹೀಗೇ ತಾಯಿ,” ಎಂದಳು ದೊಡ್ಡಕ್ಕ. “ಗುಡ್ಡಕ್ಕೆ ಕೈ ಹಾಕೋ ಮುಂಚೆ ಚಾಪೆಯಗಲ ಸುಟ್ಟು ನೋಡ್ತೀವಿ. ಅದು ಸರಿಹೋದ್ರೆ ಮಾತ್ರ ಮುಂದೆ.”

“ಸುಡಲೇಬೇಕು ಅಂತ ಯಾರು ಅತ್ತಿದ್ರು?”

“ಮಂಡಿಯುದ್ದ ಒಣಹುಲ್ಲು ಕೂತಿದೆ ನೋಡಿ. ಬಿರುಬೇಸಿಗೇಲಿ ಕಿಡಿ ಬಿದ್ರೆ ಮತ್ತೆ ನಿಮ್ಮ ಗೋಡೆಗೇ ಬರುತ್ತೆ. ಈಗ ತಂಪು ಹೊತ್ತಲ್ಲಿ ಸ್ವಲ್ಪ ಸ್ವಲ್ಪ ಸುಟ್ರೆ ಕಾಡ್ಗಿಚ್ಚಿಗೆ ತಿನ್ನೋಕೆ ಏನೂ ಉಳಿಯಲ್ಲ. ಮುಳ್ಳುಪೊದೆಗಳ ಕಾಟ ಕಮ್ಮಿಯಾಗಿ ಹೊಸ ಹುಲ್ಲು ಚಿಗುರುತ್ತೆ.”

“ಹಕ್ಕಿಗಳು? ಮೊಲಗಳು?”

“ಅರ್ಧ ಗುಡ್ಡ ಈ ವರ್ಷ ಮುಟ್ಟೋದೇ ಇಲ್ಲ, ಅದು ಅವಕ್ಕೆ. ಗೂಡು ಕಟ್ಟೋ ಕಾಲದಲ್ಲಿ ಈ ಕೆಲಸಾನೇ ಇಲ್ಲ.”

ಮೇಲಿನ ಮೂಲೆಯಲ್ಲಿ ಪರೀಕ್ಷೆಯ ಬೆಂಕಿ ಹಚ್ಚಿದರು. ಹೊಗೆ ಮನೆಗಳಿಗೆ ಬೆನ್ನು ಮಾಡಿ ಗುಡ್ಡದ ನೆತ್ತಿಯ ಕಡೆ ಹೋಯಿತು. ಟೈಲರಮ್ಮನ ಮಗಳು ಗಾಳಿ ಅಳೆಯುವ ಪುಟ್ಟ ಯಂತ್ರ ಎತ್ತಿ ಹಿಡಿದು ಕಣ್ಣು ಮಿಟುಕಿಸದೆ ನಿಂತಿದ್ದಳು. ಇದ್ದಕ್ಕಿದ್ದಂತೆ ಕೂಗಿದಳು:

“ದೊಡ್ಡಕ್ಕಾ, ಗಾಳಿ ತಿರುಗ್ತಿದೆ! ಊರ ಕಡೆಗೆ!”

“ಆರಿಸಿ. ಇವತ್ತು ಬೆಂಕಿ ಹಚ್ಚಲ್ಲ.”

ಯಾರೂ ಎದುರಾಡಲಿಲ್ಲ. ಕ್ಯಾನುಗಳ ನೀರು ಚಿಮ್ಮಿತು. ಹೊಗೆ ಟೈಲರಮ್ಮನ ಮುಖಕ್ಕೇ ಬಡಿಯಿತು.

“ಇಷ್ಟೆಲ್ಲ ಹೊತ್ಕೊಂಡು ಬಂದು ವಾಪಸ್ಸಾ?” ಇಸ್ತ್ರಿಯವನು ಕೇಳಿದ. “ಚೂರು ಗಾಳಿ ಅಷ್ಟೇ ತಾನೇ?”

ಟೈಲರಮ್ಮ ಸರ್ರನೆ ತಿರುಗಿದಳು. “ಬಾಯಿ ಮುಚ್ಚಪ್ಪ! ನೀನು ಅಂಗಿ ಸುಟ್ರೆ ಹೊಸದು ಹೊಲಿದು ಕೊಡ್ತೀನಿ. ಮನೆ ಸುಟ್ರೆ ಎಲ್ಲಿಂದ ಹೊಲಿಯಲಿ? ಬೇಡ ಅನ್ನೋಕೆ ಗೊತ್ತಿರೋ ಜನ ಇವರು. ಅದೂ ನನ್ನ ಮಗಳ ಒಂದು ಕೂಗಿಗೆ!”

ಮಗಳು ಮಂಡಿಯೂರಿ, ಹಿಂಗೈಯನ್ನು ಬೂದಿಯ ಹತ್ತಿರ ಹಿಡಿದು ಬಿಸಿ ಹುಡುಕುತ್ತಿದ್ದಳು. ಪೂರ್ತಿ ತಣ್ಣಗಾಗುವವರೆಗೆ ಯಾರೂ ಜಾಗ ಬಿಡುವಂತಿರಲಿಲ್ಲ.

“ಅಮ್ಮ, ಹೆಲ್ಮೆಟ್ಟು ಕೊಟ್ಟುಬಿಡಲಾ?”

“ಕೊಡು ನೋಡೋಣ, ಕಾಲು ಮುರಿತೀನಿ. ದೊಡ್ಡಕ್ಕಾ, ಮತ್ತೆ ಯಾವಾಗ?”

“ಗಾಳಿ ಹೂಂ ಅಂದಾಗ.”

“ಗಾಳೀದು ಗಾಳಿ ನೋಡ್ಕೊಳ್ಳಲಿ. ನಾನಂತೂ ಹೂಂ ಅಂದೆ.”

ನಾಲ್ಕನೆಯ ದಿನ ಗಾಳಿ ಹದಕ್ಕೆ ಬಂತು. ಕಿಟಕಿ ಮುಚ್ಚಿ, ಒಣಗಿಸಿದ ಬಟ್ಟೆ ಒಳಗೆ ತಗೊಳ್ಳಿ, ಕೆಮ್ಮು ದಮ್ಮು ಇರುವವರನ್ನು ಹೊಗೆಯಿಂದ ದೂರ ಇರಿಸಿ ಎಂದು ಮನೆಮನೆಗೆ ಹೇಳಿಬಂದವಳು ಟೈಲರಮ್ಮನೇ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಊರಿನ ಹಿಂದೆಯೂ ಒಂದು ಗುಡ್ಡ ಇರಬಹುದು. ಅಲ್ಲಿಗೆ ಇಂಥ ತಂಡ ಬಂದರೆ ಹೆದರಿ ಬಾಗಿಲು ಹಾಕಿಕೊಳ್ಳಬೇಡಿ. ಹತ್ತಿರ ಹೋಗಿ ಕೇಳಿ: ಗೆರೆ ಕೆರೆದಿದ್ದೀರಾ, ನೀರು ಇದೆಯಾ, ಗಾಳಿ ನೋಡಿದಿರಾ? ಅವರು ಹೇಳಿದಂತೆ ನಡೆದುಕೊಳ್ಳಿ. ಅವರು ಹಚ್ಚಿದ್ದು ನೋಡಿ ನೀವೇ ಕಡ್ಡಿ ಗೀರುವ ಕೆಲಸ ಮಾತ್ರ ಮಾಡಬೇಡಿ. ತರಬೇತಿ, ಅಪ್ಪಣೆ ಎರಡೂ ಇಲ್ಲದ ಕೈಯಲ್ಲಿ ಅದೇ ಬೆಂಕಿ ಕಾಡ್ಗಿಚ್ಚು. ನಿಮ್ಮ ಮನೆಯ ಮಗನೋ ಮಗಳೋ ಈ ಕೆಲಸ ಕಲಿಯುತ್ತೇನೆಂದರೆ, ಬೇಡ ಎನ್ನುವ ಮುಂಚೆ ಒಂದು ಸಲ ಹೋಗಿ ನೋಡಿ ಬನ್ನಿ.

ಆ ನಾಲ್ಕನೆಯ ದಿನ ಮೇಲಿನ ಅಂಚಿಗೆ ಬೆಂಕಿ ಮುಟ್ಟಿಸಿದವಳು ಟೈಲರಮ್ಮನ ಮಗಳು. ಕೆಳಗಿನಿಂದ ಬೀಸುವ ಎದುರುಗಾಳಿಗೆ ಬೆಂಕಿ ಓಡಲಿಲ್ಲ. ಇಳಿಜಾರಿನಲ್ಲಿ ಮೊಣಕಾಲೆತ್ತರಕ್ಕೆ ತೆವಳುತ್ತ ತೆವಳುತ್ತ ಬಂದು, ಕೆರೆದ ಮಣ್ಣಿನ ಗೆರೆಯ ಹತ್ತಿರ ಒಂದು ಕ್ಷಣ ತಡಕಾಡಿ, ತಾನಾಗಿ ಆರಿಹೋಯಿತು.